ಅಜ್ಜನಿಗೊಂದು ಬಗ್ಗದ ಬೀಗ

ನಾನು ಅವಳನ್ನು ಮೊದಲು ಕಂಡ ದಿನ ಹಾಲು ಒಲೆಯ ಮೇಲಿತ್ತು, ನಾನು ಬಾಗಿಲಿನ ಹೊರಗಿದ್ದೆ. ಮೆಟ್ಟಿಲ ಬಳಿ ಬಿದ್ದಿದ್ದ ದಿನಪತ್ರಿಕೆಯನ್ನು ಎತ್ತಿಕೊಳ್ಳಲೆಂದು ಈಚೆ ಬಂದವನಿಗೆ ಹಿಂದಿನಿಂದ ಟಕ್ಕೆಂಬ ಸದ್ದು ಕೇಳಿಸಿತು. ಗಾಳಿಗೆ ಬಾಗಿಲು ಮುಚ್ಚಿಕೊಂಡಿತ್ತು. ಒಳಗಿದ್ದವರು ಸುಮ್ಮನೆ ತಿರುಗಿಸಿದರೆ ಸಾಕು ತೆರೆಯುವ ಬೀಗ ಅದು. ಹೊರಗಿದ್ದವನ ಬಳಿ ಕೀಲಿಕೈ ಇಲ್ಲವಾದರೆ ಜಪ್ಪಯ್ಯ ಎಂದರೂ ಬಗ್ಗುವುದಿಲ್ಲ. ಹೆಂಡತಿ ಪೇಟೆಗೆ ಹೋಗಿದ್ದಳು. ಅದು ನಾನು ನಿವೃತ್ತನಾದ ವರ್ಷ. ಆ ಕಟ್ಟಡಕ್ಕೆ ನಾವು ಬಂದು ತಿಂಗಳೂ ತುಂಬಿರಲಿಲ್ಲ. ಮೈಮೇಲೆ ಬನಿಯನ್ನು, ಕೈಯಲ್ಲಿ ಪತ್ರಿಕೆ, ಮುಖದಲ್ಲಿ ಗಾಬರಿ. ಎದುರುಮನೆಯಾಕೆ ನಗುವನ್ನು ಸೆರಗಿನಲ್ಲಿ ಅಡಗಿಸಿಕೊಂಡು, "ಬೀಗದಜ್ಜನ ಅಂಗಡಿಗೆ ಫೋನ್ ಮಾಡ್ತೀನಿ ಇರಿ" ಎಂದರು.

ಅಜ್ಜ ಬರಲಿಲ್ಲ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿಕೊಂಡು ಒಬ್ಬ ಹುಡುಗಿ ಬಂದಳು. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಕಡ್ಡಿಯಂಥ ದೇಹ. ಎರಡು ಜನ ಹಿಡಿಸುವಷ್ಟು ದೊಡ್ಡ ಅಂಗಿ, ಅದರ ತುಂಬ ಜೇಬುಗಳು. ಹೆಗಲಿನ ಚೀಲದ ಭಾರಕ್ಕೆ ಒಂದು ಭುಜ ಕೆಳಗಿಳಿದಿತ್ತು.

"ಅಜ್ಜ ಬರಲಿಲ್ವೇನಮ್ಮ?" ಎಂದೆ.

"ಅಜ್ಜ ಮೆಟ್ಟಿಲು ಇಳಿಯೋ ಹಾಗಿಲ್ಲ. ಒಳಗೆ ಒಲೆ ಮೇಲೆ ಏನಾದ್ರೂ ಇದೆಯಾ?"

"ಹಾಲು ಇದೆ."

"ಹಾಗಾದ್ರೆ ನನ್ನನ್ನ ಮಾತಾಡಿಸ್ಬೇಡಿ."

ಮಂಡಿಯೂರಿ ಕುಳಿತು, ಎರಡು ಸಪೂರವಾದ ತಂತಿಗಳನ್ನು ಬೀಗದ ಬಾಯಿಗೆ ತೂರಿಸಿ, ಕಣ್ಣು ಮುಚ್ಚಿಕೊಂಡಳು. ಅಂಥ ತುರ್ತಿನಲ್ಲಿ ಕಣ್ಣು ಮುಚ್ಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ಆ ಸಿಟ್ಟು ಪೂರ್ತಿ ಬರುವುದರೊಳಗೆ ಬಾಗಿಲು ತೆರೆದಿತ್ತು. ನನಗಿಂತ ಮೊದಲು ಅವಳೇ ಒಳಗೆ ಓಡಿ ಒಲೆ ಆರಿಸಿದಳು. ಅನಂತರ ಬಂದು ಬಾಗಿಲಿಗೆ ಅಡ್ಡ ನಿಂತು, ನನ್ನನ್ನು ಹೊರಗೇ ತಡೆದಳು.

"ಇದು ನಿಮ್ಮದೇ ಮನೆ ಅನ್ನೋದಕ್ಕೆ ಏನಾದ್ರೂ ತೋರಿಸಿ."

"ಅಯ್ಯೋ, ನಾನು ಮೇಷ್ಟ್ರು ಕಣಮ್ಮ!"

"ಕಳ್ಳರೂ ಹಾಗೇ ಹೇಳ್ತಾರೆ. ಅಜ್ಜನ ನಿಯಮ ಇದು. ಬಾಗಿಲು ತೆಗೆದು ಕೊಡೋಕೆ ಮೊದಲು ಕೇಳ್ಬೇಕು. ಹಾಲು ಉಕ್ಕುತ್ತೆ ಅಂತ ಮೊದಲು ತೆಗೆದು ಈಗ ಕೇಳ್ತಿದೀನಿ."

ಗೋಡೆಯ ಮೇಲಿದ್ದ ಮದುವೆಯ ಫೋಟೊ ತೋರಿಸಿದೆ. ಅವಳು ಫೋಟೊ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೋಟೊ ನೋಡಿದಳು. "ಇದರಲ್ಲಿ ಕೂದಲಿದೆಯಲ್ಲ?" ಎಂದಳು. ಆ ಹೊತ್ತಿಗೆ ನನ್ನ ಹೆಂಡತಿ ಚೀಲ ಹಿಡಿದು ಬಂದಳಾದ್ದರಿಂದ ನನ್ನ ಗುರುತು ಸಾಬೀತಾಯಿತು. ವಿಷಯ ತಿಳಿದ ಹೆಂಡತಿ, "ಒಳ್ಳೆಯ ಕೆಲಸ ಮಾಡಿದೆ ಮಗಳೇ, ಇನ್ನೊಂದು ಸ್ವಲ್ಪ ಹೊತ್ತು ಹೊರಗೇ ನಿಲ್ಲಿಸಬೇಕಿತ್ತು" ಎಂದು ಅವಳನ್ನು ಒಳಗೆ ಕರೆದು, ಉಳಿದ ಹಾಲಿನಲ್ಲಿ ಕಾಫಿ ಮಾಡಿಕೊಟ್ಟಳು.

ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಬೀದಿಯಲ್ಲಿ ಅದನ್ನು ಬಳಸುವವರು ಯಾರೂ ಇರಲಿಲ್ಲ. ಅಜ್ಜ ಅವಳನ್ನು 'ಮೊಳೆ' ಎಂದು ಕರೆಯುತ್ತಿದ್ದರು. ಸಣ್ಣಗಿದ್ದಳು, ನೆಟ್ಟಗಿದ್ದಳು, ಒಮ್ಮೆ ಕೂತಲ್ಲಿಂದ ಎಬ್ಬಿಸುವುದು ಕಷ್ಟ, ಅದಕ್ಕೆ. ಬೀದಿಯೂ ಹಾಗೆಯೇ ಕರೆಯಿತು. ಕೊನೆಗೆ ನಾನೂ ಹಾಗೆಯೇ ಕರೆದೆ.

ಅವಳ ಮನೆ ನಮ್ಮ ಎದುರಿನ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಕೆಳಗೆ, ಮೆಟ್ಟಿಲ ಅಡಿಯ ಕಿಷ್ಕಿಂಧೆಯಲ್ಲಿ ಅಜ್ಜನ ಅಂಗಡಿ. ಅದನ್ನು ಅಂಗಡಿ ಎನ್ನುವುದಕ್ಕಿಂತ ಕಪಾಟು ಎನ್ನಬಹುದು. ಒಬ್ಬರು ಕುಳಿತರೆ ಇನ್ನೊಬ್ಬರು ಬೀದಿಯಲ್ಲೇ ನಿಲ್ಲಬೇಕು. ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಕೈಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ಬಸ್ಸು ಹೋದಾಗಲೆಲ್ಲ ಅವು ಒಟ್ಟಿಗೆ ನಡುಗಿ ಗಲಗಲ ಎನ್ನುತ್ತಿದ್ದವು. ದಿನವೂ ಶಾಲೆ ಮುಗಿಸಿ ಬಂದು ಮೊಳೆ ಬೆಳೆದದ್ದು ಆ ಸದ್ದಿನ ಕೆಳಗೆ. ಅಪ್ಪ ಹಡಗಿನಲ್ಲಿ ಅಡಿಗೆ ಮಾಡುವವನು, ವರ್ಷದಲ್ಲಿ ಒಂದೆರಡು ತಿಂಗಳು ಮಾತ್ರ ಮನೆಯಲ್ಲಿರುತ್ತಿದ್ದ. ಅಮ್ಮ ಆಸ್ಪತ್ರೆಯೊಂದರ ಬಟ್ಟೆ ತೊಳೆಯುವ ವಿಭಾಗದಲ್ಲಿದ್ದಳು. ಹೀಗಾಗಿ ಅಮ್ಮನ ಅಪ್ಪನಾದ ಈ ಅಜ್ಜನೇ ಅವಳಿಗೆ ಅಪ್ಪ, ಮೇಷ್ಟ್ರು, ಆಟದ ಜೊತೆಗಾರ ಎಲ್ಲವೂ.

ಆ ಅಜ್ಜನಿಗೆ ಒಂದು ಬೆಳಿಗ್ಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು. ಬಲಗಾಲು ಎಳೆಯತೊಡಗಿತು, ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದುಕೊಂಡಿತು. ಮೂರು ಮಹಡಿಯ ಮೆಟ್ಟಿಲು, ಲಿಫ್ಟ್ ಇಲ್ಲದ ಕಟ್ಟಡ. ಅಲ್ಲಿಂದಾಚೆಗೆ ಅವರ ಪ್ರಪಂಚವೆಂದರೆ ಒಂದು ಕೋಣೆ, ಒಂದು ಕಿಟಕಿ. ಮುಚ್ಚಿದ ಅಂಗಡಿಯ ಬಾಗಿಲನ್ನು ಜನ ಬಂದು ತಟ್ಟುತ್ತಿದ್ದರಂತೆ. ಆಗ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮೊಳೆ, ಒಂದು ದಿನ ಆ ಕೆಲಸ ಬಿಟ್ಟು ಬಂದು ಅಜ್ಜನ ಅಂಗಡಿಯ ಬಾಗಿಲು ತೆಗೆದು ಕುಳಿತಳು.

ಬೀದಿ ಸುಮ್ಮನಿರುತ್ತದೆಯೇ? "ಹೆಣ್ಣುಮಗಳು ಊರವರ ಮನೆ ಬಾಗಿಲು ತೆಗೀತಾಳಂತೆ" ಎಂದರು. "ಇವಳನ್ನ ಸೊಸೆ ಮಾಡ್ಕೊಂಡ ಅತ್ತೆ ಪಾಡೇನು? ಬೀರುವಿಗೆ ಬೀಗ ಹಾಕಿ ಏನು ಪ್ರಯೋಜನ?" ಎಂದು ಔಷಧಿ ಅಂಗಡಿಯವನು ಅವಳೆದುರಿಗೇ ಹೇಳಿದ. ಮೊಳೆ ತಲೆ ಎತ್ತದೆ, "ಅದಕ್ಕೇ ಅಣ್ಣ, ಬೀರುವೇ ಇಲ್ಲದ ಅತ್ತೆ ನೋಡ್ತಾ ಇದೀನಿ. ನಿಮ್ಮ ಮನೇಲಿ ಇದೆಯಾ ಬೀರು?" ಎಂದಳಂತೆ. ಅವನು ಮತ್ತೆ ಆ ಸುದ್ದಿ ಎತ್ತಲಿಲ್ಲ.

ನಾನು ಸಂಜೆಯ ಹೊತ್ತು ಅಜ್ಜನ ಬಳಿ ಹೋಗಿ ಕುಳಿತುಕೊಳ್ಳುವುದು ರೂಢಿಯಾಯಿತು. ಅವರಿಗೆ ಪತ್ರಿಕೆ ಓದಿ ಹೇಳುವುದು ನನ್ನ ಕೆಲಸ. ಓದುವುದಷ್ಟೇ, ಅವರು ಮಾತನಾಡುತ್ತಿರಲಿಲ್ಲ. ವೈದ್ಯರು ಒಂದು ರಬ್ಬರಿನ ಚೆಂಡು ಕೊಟ್ಟು ದಿನವೂ ಹಿಸುಕಬೇಕೆಂದು ಹೇಳಿದ್ದರು. "ಬೆರಳಿಗೆ ಕೆಲಸ ಕೊಟ್ಟರೆ ಕೈ ತಿರುಗಿ ಬರುತ್ತೆ. ಹೀಗೇ ಬಿಟ್ರೆ ಮರಗಟ್ಟುತ್ತೆ. ಆಮೇಲೆ ನಾವು ಏನೂ ಮಾಡೋಕಾಗಲ್ಲ" ಎಂದು ಮೊಳೆಗೆ ಬಿಡಿಸಿ ಹೇಳಿದ್ದರು. ಚೆಂಡು ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. ಎತ್ತಿಕೊಟ್ಟರೆ ಅಜ್ಜ ಎಡಗೈಯಿಂದ ಅದನ್ನು ಮತ್ತೆ ಅಲ್ಲಿಗೇ ಉರುಳಿಸುತ್ತಿದ್ದರು. ಕೈ ಬರುವುದಿಲ್ಲವೆಂದಲ್ಲ, ಅದು ಬಂದು ಏನಾಗಬೇಕು ಎಂಬುದು ಅವರ ಪ್ರಶ್ನೆಯೆಂದು ನನಗೆ ತೋರುತ್ತಿತ್ತು. ಅಂಗಡಿಯ ಸುದ್ದಿ ಹೇಳಿದರೂ ಅಷ್ಟೆ. "ಮಾಡ್ಕೋ" ಎಂದು ಗೋಡೆಯ ಕಡೆ ಹೊರಳುತ್ತಿದ್ದರು.

ಹೀಗಿರುವಾಗ ಕ್ರಿಸ್‌ಮಸ್ ಹತ್ತಿರ ಬಂತು.

ಆ ಮನೆಯಲ್ಲಿ ಕ್ರಿಸ್‌ಮಸ್ ದಿನ ಎಲ್ಲರೂ ಸೇರುತ್ತಿದ್ದರು. ಉಡುಗೊರೆಗಳೆಲ್ಲ ಅಜ್ಜನ ಮಂಚದ ಮೇಲೆ ಬೀಳುತ್ತಿದ್ದವು. ಹಿಂದಿನ ವರ್ಷದ್ದನ್ನು ಮೊಳೆ ನನಗೆ ತೋರಿಸಿದ್ದಳು. ಮಾವ, ಎಂದರೆ ಅಜ್ಜನ ಮಗ, ಶಾಲು ತಂದಿದ್ದ. ಚಿಕ್ಕಮ್ಮ ಉಣ್ಣೆಯ ಕಾಲುಚೀಲ ಮತ್ತು ಇನ್ನೊಂದು ಶಾಲು. ಹಡಗಿನಿಂದ ಅಪ್ಪ ಕಳಿಸಿದ್ದು ಶಾಲಿಗಿಂತ ದಪ್ಪನೆಯ ಶಾಲು. ಆ ವರ್ಷ ಅಜ್ಜ ಆಡಿದ್ದು ಒಂದೇ ಮಾತಂತೆ: "ಇನ್ನೊಂದು ಬಂದ್ರೆ ನನ್ನನ್ನ ಸುತ್ತಿ ಕಳಿಸೋಕೆ ಬೇರೆ ಬಟ್ಟೆ ಬೇಕಾಗಲ್ಲ." ಯಾರೂ ನಗಲಿಲ್ಲ. ವಯಸ್ಸಾದವರಿಗೆ ಉಡುಗೊರೆ ಕೊಡುವಾಗ ನಾವು ಸಾಮಾನ್ಯವಾಗಿ ಅವರ ಚಳಿಗೆ ಕೊಡುತ್ತೇವೆ, ಕೆಮ್ಮಿಗೆ ಕೊಡುತ್ತೇವೆ, ಮಂಡಿನೋವಿಗೆ ಕೊಡುತ್ತೇವೆ. ಮನುಷ್ಯನಿಗೆ ಕೊಡುವುದು ಮರೆತೇ ಹೋಗುತ್ತದೆ.

"ಮೇಷ್ಟ್ರೇ, ಮನೆಯಿಂದ ಆಚೆ ಬರೋಕೆ ಆಗದೇ ಇರೋರಿಗೆ ಏನು ಕೊಡ್ಬೇಕು?" ಎಂದು ಮೊಳೆ ಕೇಳಿದಳು.

"ರೇಡಿಯೋ?"

"ಎರಡಿದೆ. ಎರಡೂ ಆರಿಸಿಟ್ಟಿದಾರೆ."

"ಪುಸ್ತಕ?"

"ಸಣ್ಣ ಅಕ್ಷರ ಕಾಣಲ್ಲ. ಮತ್ತೆ ಅಜ್ಜ ಪುಸ್ತಕ ಓದೋ ಹಾಗಿದ್ರೆ ನಿಮಗೆ ಸಂಜೆ ಕೆಲಸ ಇರ್ತಿತ್ತಾ?"

ನನ್ನ ಬತ್ತಳಿಕೆ ಅಲ್ಲಿಗೆ ಬರಿದಾಯಿತು. ಕೆಲವು ದಿನಗಳ ಮೇಲೆ ಅವಳು ನನ್ನನ್ನು ಅಂಗಡಿಗೆ ಕರೆದಳು. ಕಾಗದ ಬಿಚ್ಚಿ ಒಂದು ಹಿತ್ತಾಳೆಯ ಬೀಗ ತೋರಿಸಿದಳು. ಗುಜರಿ ಅಂಗಡಿಯ ರಾಶಿಯಲ್ಲಿ ಸಿಕ್ಕಿದ್ದು. ಅಂಗೈ ತುಂಬುವಷ್ಟು ದೊಡ್ಡದು, ಕೀಲಿಕೈ ಇಲ್ಲದ್ದು. ಅಜ್ಜ ಹುಡುಗನಾಗಿ ಕೆಲಸ ಕಲಿಯುವಾಗ ಮೊಟ್ಟಮೊದಲು ತೆರೆದದ್ದು ಈ ಜಾತಿಯ ಬೀಗವಂತೆ. ಮಾಡುವ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಉಪ್ಪು ಹುಳಿ ಹಾಕಿ ಉಜ್ಜಿ ಚಿನ್ನದಂತೆ ಹೊಳೆಯಿಸಿದ್ದಳು.

"ಇದನ್ನ ತೆಗೀ ಅಜ್ಜ ಅಂತ ಕೊಡ್ತೀನಿ. ರಬ್ಬರ್ ಚೆಂಡಿನ ತರಹ ಇದನ್ನ ಮಂಚದ ಕೆಳಗೆ ಉರುಳಿಸೋಕೆ ಅವರಿಗೆ ಮನಸ್ಸು ಬರಲ್ಲ."

ಎಷ್ಟು ಚೆನ್ನಾದ ಯೋಚನೆ! ನಾನು ಬೆನ್ನು ತಟ್ಟಿದೆ. ಆಗ ಅವಳು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. ಆ ಬೀಗದ ಹೊಟ್ಟೆಯಲ್ಲಿ ತೆಳ್ಳನೆಯ ಹಿತ್ತಾಳೆ ಪಟ್ಟಿಗಳು ಒಂದರ ಮೇಲೊಂದು ಕೂತಿರುತ್ತವೆ. ಪ್ರತಿಯೊಂದನ್ನೂ ತಕ್ಕಷ್ಟೇ ಎತ್ತಿದರೆ ಮಾತ್ರ ಬೀಗ ಬಿಡುತ್ತದೆ. ಸರಿಯಾದ ಕೀಲಿಕೈ ಮಾಡುವ ಕೆಲಸ ಅದೇ. ಕೀಲಿಕೈ ಇಲ್ಲದಾಗ ತಂತಿಯಿಂದ ಒಂದೊಂದನ್ನೇ ತಡಕಿ ಎತ್ತಬೇಕು. ಅಜ್ಜನ ಕೈಗೆ ಅಷ್ಟು ಆಗುತ್ತದೋ ಇಲ್ಲವೋ. ಆದ್ದರಿಂದ ಮೊಳೆ ಬೀಗದ ಮೈಯನ್ನು ಬಿಗಿದಿಡುವ ರಿವಿಟ್ಟುಗಳನ್ನು ಬಿಚ್ಚಿ, ಎರಡು ಪಟ್ಟಿ ಬಿಟ್ಟು ಉಳಿದದ್ದನ್ನೆಲ್ಲ ತೆಗೆದು, ಮತ್ತೆ ಮೊದಲಿನಂತೆ ರಿವಿಟ್ ಹೊಡೆದು ಮುಚ್ಚಿದ್ದಳು.

"ಮೊದಲನೇ ಸಲವೇ ಸೋತ್ರೆ ಮತ್ತೆ ಮುಟ್ಟಲ್ಲ ಮೇಷ್ಟ್ರೇ. ಗೆಲ್ಲಲಿ."

ನನಗೂ ಅದು ಸರಿಯಾಗಿಯೇ ಕಂಡಿತು. ಕಲಿಯುವ ಮಗುವಿಗೆ ಮೊದಲು ಸುಲಭದ ಲೆಕ್ಕ ಕೊಡುವುದು ನಮ್ಮ ಕಸುಬಿನ ಪದ್ಧತಿಯಲ್ಲವೇ?

ಕ್ರಿಸ್‌ಮಸ್ ದಿನ ಮಧ್ಯಾಹ್ನ ನನ್ನನ್ನೂ ಹೆಂಡತಿಯನ್ನೂ ಊಟಕ್ಕೆ ಕರೆದಿದ್ದರು. ಅಜ್ಜನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಮಾವ ತನ್ನ ಪೊಟ್ಟಣ ಬಿಚ್ಚಿದ. ಶಾಲು. ಚಿಕ್ಕಮ್ಮ, "ಈ ಸಲ ನಾನು ಬೇರೆ ತಂದಿದೀನಪ್ಪ" ಎಂದು ಹೆಮ್ಮೆಯಿಂದ ತೆಗೆದದ್ದು ತೋಳಿರುವ ಶಾಲು. ಕೊನೆಯಲ್ಲಿ ಮೊಳೆ ಬೀಗವನ್ನು ಅಜ್ಜನ ಎಡ ಅಂಗೈಯಲ್ಲಿಟ್ಟಳು.

ಅಜ್ಜ ಅದನ್ನು ಹಿಡಿದುಕೊಂಡರು. ಅಂಗೈಯನ್ನು ಒಮ್ಮೆ ಮೇಲಕ್ಕೂ ಕೆಳಕ್ಕೂ ಆಡಿಸಿದರು. ಮೊಳೆಯ ಮುಖ ನೋಡಿದರು. ಏನೋ ಹೇಳಲು ಹೊರಟವರು ಹೇಳದೆ, "ತಂತಿ ಎಲ್ಲಿ?" ಎಂದರು.

ಮನೆಮಂದಿಯೆಲ್ಲ ಸುತ್ತ ನೆರೆದರು. ಎಡಗೈಯಲ್ಲಿ ಬೀಗ, ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಮೊಳೆ ತಂತಿಯನ್ನು ಸಿಕ್ಕಿಸಿಕೊಟ್ಟಳು. ತಂತಿ ನಡುಗಿತು, ಒಮ್ಮೆ ಜಾರಿತು. ಎರಡನೆಯ ಸಲ ಒಳಹೊಕ್ಕಿತು. ಬೀಗ ಬಿಚ್ಚಿಕೊಂಡಿತು.

"ನೋಡಿದ್ರಾ! ಅಪ್ಪನ ಕೈ ಅಂದ್ರೆ ಸುಮ್ನೇನಾ!" ಎಂದು ಮಾವ ಚಪ್ಪಾಳೆ ತಟ್ಟಿದ. ಚಿಕ್ಕಮ್ಮನ ಕಣ್ಣಲ್ಲಿ ನೀರು. ಅಜ್ಜನ ಮುಖದಲ್ಲಿ ಮಾತ್ರ ಏನೂ ಇರಲಿಲ್ಲ.

"ಊಟಕ್ಕೆ ನಡೀರಿ, ಆರುತ್ತೆ. ಮೊಳೆ, ನೀನಿರು. ಬಾಗಿಲು ಹಾಕು."

ನಾನೂ ಏಳಹೊರಟೆ. "ನೀವು ಕೂತ್ಕೊಳ್ಳಿ ಮೇಷ್ಟ್ರೇ" ಎಂದರು, "ನಿಮಗೂ ಗೊತ್ತಿತ್ತು ಅಂತ ನಿಮ್ಮ ಮುಖವೇ ಹೇಳ್ತಿದೆ." ನಾನು ತೆಪ್ಪಗೆ ಕುಳಿತೆ.

"ಎಷ್ಟು ಪಟ್ಟಿ ತೆಗೆದೆ?"

ಮೊಳೆ ನೆಲ ನೋಡಿದಳು. "ಎರಡು ಬಿಟ್ಟು ಎಲ್ಲಾ."

"ಅವೆರಡನ್ನೂ ತೆಗೀಬೇಕಿತ್ತು. ಊದಿ ಬಿಚ್ತಿದ್ದೆ." ಅಜ್ಜ ಬೀಗವನ್ನು ಮತ್ತೆ ಎತ್ತಿಕೊಂಡರು. "ನಿಮ್ಮಮ್ಮನನ್ನ ಎತ್ತಿ ಆಡಿಸೋದಕ್ಕೂ ಮೊದಲು ಈ ಜಾತಿ ಬೀಗ ಎತ್ತಿದೋನು ನಾನು. ಇದರ ತೂಕ ನನಗೆ ತಿಳಿಯಲ್ವಾ? ಅಂಗೈಗೆ ಬಂದ ಕೂಡಲೇ ಗೊತ್ತಾಯ್ತು, ಹೊಟ್ಟೆ ಖಾಲಿ ಅಂತ."

"ಮತ್ಯಾಕೆ ತೆಗೆದೆ ಅಜ್ಜ?"

"ನಿನ್ನ ಮಾವನ ಮುಂದೆ ನಿನ್ನ ಮರ್ಯಾದೆ ಕಳೀಲಾ?"

ಊಟದ ಮನೆಯಿಂದ ತಟ್ಟೆಗಳ ಸದ್ದು, ಮಾವನ ನಗು ಕೇಳುತ್ತಿತ್ತು.

"ಶಾಲು ಕೊಟ್ಟೋರು ನನಗೆ ಚಳಿ ಅಂದ್ಕೊಂಡ್ರು" ಎಂದರು ಅಜ್ಜ. "ನೀನು ನನ್ನ ಕಥೆ ಮುಗೀತು ಅಂದ್ಕೊಂಡೆ. ಮಗು ಅಳಬಾರದು ಅಂತ ಗಿಲಕಿ ಕೊಡ್ತಾರಲ್ಲ, ಹಾಗೆ."

ಮೊಳೆ ತುಟಿ ಕಚ್ಚಿಕೊಂಡು ನಿಂತಿದ್ದಳು. ಅವಳು ಅಳುವವಳಲ್ಲ, ಆದರೆ ಆಗ ಇನ್ನೊಂದು ಮಾತು ಬಿದ್ದಿದ್ದರೆ ಅಳುತ್ತಿದ್ದಳು. ಅಜ್ಜನ ಎಡ ಹೆಬ್ಬೆರಳು ಬೀಗದ ಮೈಮೇಲೆ ಓಡಾಡುತ್ತಿತ್ತು. ಒಂದು ಮೂಲೆಗೆ ಹೋಯಿತು, ಇನ್ನೊಂದಕ್ಕೆ ಹೋಯಿತು, ಹಿಂದಿರುಗಿತು.

"ಬಿಚ್ಚಿದ ಮೇಲೆ ರಿವಿಟ್ ಯಾರ ಕೈಲಿ ಹೊಡೆಸಿದೆ?"

"ಯಾರ ಕೈಲೂ ಇಲ್ಲ. ನಾನೇ."

"ಸುಳ್ಳು ಹೇಳ್ಬೇಡ."

"ನಾನೇ ಅಜ್ಜ. ನೀನು ಹೊಡೆಯೋದು ನೋಡ್ತಿದ್ನಲ್ಲ."

ಅಜ್ಜ ಬೀಗವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಣ್ಣಿಗೆ ಕಾಣದೆಂದು ಮತ್ತೆ ಹೆಬ್ಬೆರಳಿಗೇ ಒಪ್ಪಿಸಿದರು. "ರಿವಿಟ್ ಹೊಡೆದ ಜಾಗವೇ ಸಿಗ್ತಿಲ್ಲ" ಎಂದರು. "ತೂಕ ಗೊತ್ತಿಲ್ದೇ ಇದ್ದಿದ್ರೆ ನನಗೇ ಟೋಪಿ ಹಾಕ್ತಿದ್ದೆ." ಸಿಟ್ಟು ಇನ್ನೂ ಇತ್ತು. ಆದರೆ ಕೊನೆಯ ಬೆಂಚಿನ ಹುಡುಗ ಮೇಷ್ಟ್ರಿಗೇ ತಿಳಿಯದ ದಾರಿಯಲ್ಲಿ ಲೆಕ್ಕ ಬಿಡಿಸಿದಾಗ ನಮ್ಮ ದನಿಯಲ್ಲಿ ಏನು ಬರುತ್ತದೆಯೋ ಅದೂ ಅದರೊಳಗೆ ಬೆರೆತಿತ್ತು. ನಾನು ಆ ದನಿಯನ್ನು ಬಲ್ಲೆ.

"ಕೊಡೋ ಹಾಗಿದ್ರೆ ನಿನ್ನ ಕೈಲಿ ಆಗದೇ ಇರೋದನ್ನ ಕೊಡು. ಇಲ್ಲ, ನೀನೂ ಒಂದು ಶಾಲು ತಗೊಂಡು ಬಾ."

ಮೊಳೆ ಬಾಗಿಲು ತೆಗೆದು, ಊಟ ಮಾಡುತ್ತಿದ್ದವರ ನಡುವೆ ಹಾದು, ಮೆಟ್ಟಿಲಿಳಿದು ಹೋದಳು. ಮರಳಿ ಬಂದಾಗ ಕೈಯಲ್ಲಿ ಎಣ್ಣೆ ಬಟ್ಟೆಯ ಗಂಟಿತ್ತು. ಅದನ್ನು ಅಜ್ಜನ ಮಡಿಲಲ್ಲಿ ಬಿಚ್ಚುವ ಮೊದಲು ಅವಳ ಕೈ ತಡೆಯಿತು. ಕಾರಣ ಆಮೇಲೆ ತಿಳಿಯಿತು.

ಗಂಟಿನಲ್ಲಿದ್ದದ್ದು ಕಪ್ಪು ಕಬ್ಬಿಣದ ಬೀಗ. ಹಿಟ್ಟಿನ ಗಿರಣಿಯ ಉಗ್ರಾಣದ್ದು. ಕೀಲಿಕೈ ಕಳೆದುಕೊಂಡ ಗಿರಣಿಯವನು ಕರೆದಿದ್ದ. ಮೊಳೆ ಅದರ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕುಳಿತು, ಕೊನೆಗೆ ಗರಗಸ ಹಿಡಿದು ಕೊಂಡಿಯನ್ನು ಕೊಯ್ದಿದ್ದಳು. ಗಿರಣಿಯವನಿಗೆ ಬಾಗಿಲು ತೆರೆದರೆ ಸಾಕಿತ್ತು. ದುಡ್ಡು ಕೊಟ್ಟು ಉಪಕಾರ ಹೇಳಿದ. ಆದರೆ ಅಜ್ಜನ ಅಂಗಡಿಯಲ್ಲಿ ಬೀಗ ಕೊಯ್ಯುವುದೆಂದರೆ ನಮ್ಮ ಶಾಲೆಯಲ್ಲಿ ನಕಲು ಹೊಡೆದಂತೆ. ಅಷ್ಟು ವರ್ಷದಲ್ಲಿ ಅಜ್ಜ ಒಂದನ್ನೂ ಕೊಯ್ದಿರಲಿಲ್ಲ. "ಗರಗಸ ಹಿಡಿಯೋದಕ್ಕೆ ನಾನ್ಯಾಕೆ ಬೇಕು, ಬಡಗಿಯನ್ನ ಕರ್ಕೊಳ್ಳಿ" ಎಂದು ಗಿರಾಕಿಗಳನ್ನು ಗದರಿಸಿ ಕಳಿಸಿದವರು ಅವರು. ಆ ಬೀಗವನ್ನು ಮೊಳೆ ಬಟ್ಟೆಯಲ್ಲಿ ಸುತ್ತಿ, ಅಂಗಡಿಯ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಟ್ಟಿದ್ದಳು.

ಅಜ್ಜನ ಬೆರಳು ಕೊಯ್ದ ಕೊಂಡಿಯ ತುದಿಗೆ ತಗುಲಿತು. ಅಲ್ಲೇ ನಿಂತಿತು.

"ಕೊಯ್ದೆಯಾ?"

"ಹೂಂ."

"ಯಾರಿಗಾದ್ರೂ ಗೊತ್ತಾ?"

"ಇಲ್ಲ. ಈಗ ಮೇಷ್ಟ್ರಿಗೆ ಗೊತ್ತಾಯ್ತು."

"ಅವರನ್ನ ಹೊರಗೆ ಹಾಕಿ ಬೀಗ ಹಾಕು" ಎಂದು ಅಜ್ಜ ನಕ್ಕರು. ನಾನು ಅವರ ನಗುವನ್ನು ಕೇಳಿದ್ದು ಅಂದೇ ಮೊದಲು. "ಸುಳ್ಳಲ್ಲ ತಾನೇ? ನಿಜವಾಗ್ಲೂ ಬಗ್ಗಲಿಲ್ಲ?"

"ನಿಜವಾಗ್ಲೂ ಅಜ್ಜ. ನನ್ನ ಕೈಲಿ ಆಗಲಿಲ್ಲ."

"ಹಾಗಾದ್ರೆ ಆ ತಂತಿ ಇತ್ತ ತಾ."

ಅಂದು ಆಗಲಿಲ್ಲ. ಮರುದಿನವೂ ಆಗಲಿಲ್ಲ. ಹೊಸ ವರ್ಷ ಬಂದು ಹಳೆಯದಾಯಿತು. ಬೆರಳಿನಲ್ಲಿ ತಂತಿ ನಿಲ್ಲದೆ ಜಾರುತ್ತಿದ್ದಾಗ ಅಜ್ಜ ಅದಕ್ಕೆ ಬಟ್ಟೆಯ ಪಟ್ಟಿ ಸುತ್ತಿಸಿ ದಪ್ಪ ಮಾಡಿಕೊಂಡರು. ಮಾವ ಕೊಟ್ಟ ಶಾಲಿನ ಅಂಚನ್ನೇ ಕತ್ತರಿಸಿದ್ದೆಂದು ಮಾವನಿಗೆ ಇಂದಿಗೂ ತಿಳಿಯದು. ನಾನು ಪತ್ರಿಕೆ ಓದುತ್ತಿದ್ದರೆ ನಡುವೆ "ಷ್!" ಎನ್ನುತ್ತಿದ್ದರು, ಬೀಗದ ಒಳಗಿನ ಸದ್ದಿಗೆ ನನ್ನ ಪ್ರಪಂಚದ ಸುದ್ದಿ ಅಡ್ಡಿಯಾಗುತ್ತಿತ್ತು. ಕೆಲವೊಮ್ಮೆ ಬೀಗವನ್ನು ಕೋಣೆಯ ಆ ಬದಿಗೆ ಎಸೆದದ್ದೂ ಉಂಟು. ಮೊಳೆ ಸುಮ್ಮನೆ ಎತ್ತಿ ತಂದು ಕೊಡುತ್ತಿದ್ದಳು. ಸಂಜೆ ಅಂಗಡಿ ಮುಚ್ಚಿ ಬಂದವಳೊಡನೆ ಅಜ್ಜನ ವಿಚಾರಣೆ ನಡೆಯುತ್ತಿತ್ತು: ನೀನು ಮೊದಲು ಯಾವ ಪಟ್ಟಿ ಎತ್ತಿದೆ? ಆಮೇಲೆ? ಎಲ್ಲಿ ಸಿಕ್ಕಿಕೊಂಡಿತು? ಎಷ್ಟೋ ವರ್ಷ ಪಕ್ಕದಲ್ಲಿ ಕೂರಿಸಿಕೊಂಡೂ ಬಾಯಿಬಿಟ್ಟು ಹೇಳಿರದ ಪಾಠಗಳು ಆ ತಿಂಗಳುಗಳಲ್ಲಿ ಒಂದೊಂದಾಗಿ ಹೊರಗೆ ಬಂದವು.

ನಡುವೆ ವೈದ್ಯರು ಕೈ ಪರೀಕ್ಷಿಸಿ ಬೆರಗಾದರು. "ಬೆರಳು ಚೆನ್ನಾಗಿ ಮಡಚ್ತಿದೀರಲ್ಲ! ಯಾವ ವ್ಯಾಯಾಮ ಮಾಡ್ತಿದೀರಿ?"

"ಕಳ್ಳತನ" ಎಂದರು ಅಜ್ಜ.

ಚಳಿ ಕಳೆದು ಕಿಟಕಿ ತೆರೆದಿಡುವ ದಿನಗಳು ಬಂದಾಗ ಬೀಗ ಬಗ್ಗಿತು. ನಾನು ಅಲ್ಲಿದ್ದೆ. ಕೊಯ್ದ ಕೊಂಡಿಯ ಮೊಂಡು ಪುಟಕ್ಕನೆ ಹೊರಗೆ ಹಾರಿತು. ಅಜ್ಜ ಕೂಗು ಹಾಕಿದ ರಭಸಕ್ಕೆ ಮೊಳೆ ಅಂಗಡಿಯನ್ನು ತೆರೆದೇ ಬಿಟ್ಟು ಮೂರು ಮಹಡಿ ಹತ್ತಿ ಬಂದಳು, ಏನು ಅನಾಹುತವಾಯಿತೋ ಎಂದು. ಒಳಗಿನ ಪಟ್ಟಿಗಳಲ್ಲಿ ಒಂದು ಮೋಸದ್ದಂತೆ. ಅದನ್ನು ಮುಟ್ಟಬಾರದು, ಎತ್ತಿದರೆ ಉಳಿದವೆಲ್ಲ ಬಿಗಿದುಕೊಳ್ಳುತ್ತವೆ.

"ಕೈಯಲ್ಲಿ ಮೊದಲಿನ ಶಕ್ತಿ ಇದ್ದಿದ್ರೆ ನಾನೂ ಎತ್ತಿಬಿಡ್ತಿದ್ದೆ" ಎಂದು ಅಜ್ಜ ತಾವಾಗಿಯೇ ಒಪ್ಪಿಕೊಂಡರು. "ಇವತ್ತು ಅದನ್ನ ಎತ್ತೋಕಾಗ್ದೇ ಬಿಟ್ಟು ಮುಂದೆ ಹೋದೆ. ಅದಕ್ಕೇ ತೆರೀತು. ನೀನು ಗಟ್ಟಿ ಕೈಯೋಳು, ಅದಕ್ಕೆ ಸೋತೆ. ಬಾ, ಕೂತ್ಕೋ, ತೋರಿಸ್ತೀನಿ."

ಅವಳು ಕುಳಿತಳು. ಆ ಸಂಜೆ ನನ್ನ ಪತ್ರಿಕೆ ಮಡಚಿದ್ದು ಮಡಚಿದಂತೆಯೇ ಉಳಿಯಿತು.

ಅಲ್ಲಿಂದಾಚೆಗೆ ಕ್ರಿಸ್‌ಮಸ್ ಉಡುಗೊರೆಯ ಚಿಂತೆ ಅವಳಿಗೆ ತಪ್ಪಿತು ಎಂದುಕೊಂಡಿದ್ದೆ. ವರ್ಷದಲ್ಲಿ ತನ್ನನ್ನು ಸೋಲಿಸಿದ ಬೀಗವೊಂದನ್ನು ಎತ್ತಿಟ್ಟು ಅಜ್ಜನಿಗೆ ಕೊಡುವುದೆಂದು ನಿಯಮವಾಯಿತು. ಮರು ವರ್ಷ ಹಳೆಯ ನಾಟಕ ಮಂದಿರದ ಪೆಟ್ಟಿಗೆಯ ಬೀಗ. ಅದರ ಮುಂದಿನ ವರ್ಷ ಯಾರೋ ಮುದುಕಿಯ ಆಭರಣದ ಡಬ್ಬಿಯದು, ಹೆಬ್ಬೆರಳಿನಷ್ಟೇ ಗಾತ್ರದ್ದು. ಅದು ಅಜ್ಜನನ್ನು ಬೇಸಗೆಯವರೆಗೆ ಆಡಿಸಿತು. ಅಜ್ಜ ತೆರೆಯುತ್ತಿದ್ದರು, ಅವಳಿಗೆ ಕಲಿಸುತ್ತಿದ್ದರು, ಅವಳ ಕೈ ಇನ್ನಷ್ಟು ಹದಕ್ಕೆ ಬರುತ್ತಿತ್ತು. ಎಡವಟ್ಟಾದದ್ದು ಅಲ್ಲಿಯೇ. ಈಗ ಅವಳನ್ನು ಸೋಲಿಸುವ ಬೀಗಗಳೇ ಸಿಗುವುದಿಲ್ಲ.

ಇಂದು ಊರಿನ ಆ ತುದಿಯಿಂದಲೂ ಅವಳಿಗೆ ಕರೆ ಬರುತ್ತದೆ. ದೊಡ್ಡ ಹೋಟೆಲಿನವರು ಕರೆಯುತ್ತಾರೆ, ಆಸ್ಪತ್ರೆಯವರು ಕರೆಯುತ್ತಾರೆ. ಬೇರೆ ಬೀಗದವರು ಕೈಚೆಲ್ಲಿದ್ದನ್ನು ಚೀಲದಲ್ಲಿ ಹಾಕಿಕೊಂಡು ಬಂದು ಅವಳ ಮುಂದೆ ಇಡುತ್ತಾರೆ. ಔಷಧಿ ಅಂಗಡಿಯವನು ಹೊಸಬರಿಗೆ ದಾರಿ ತೋರಿಸುವಾಗ, "ನಮ್ಮ ಮೊಳೆ ಅಂಗಡಿ" ಎನ್ನುತ್ತಾನೆ. ಎದೆಯುಬ್ಬಿಸಿಕೊಂಡು ಹೇಳುತ್ತಾನೆ, ತಾನೇ ಕಲಿಸಿದವನಂತೆ. ನನಗೆ ನಗು ಬರುತ್ತದೆ. ನಾನೂ ಹಾಗೆಯೇ ಹೇಳುತ್ತೇನೆಂದು ನನ್ನ ಹೆಂಡತಿಗೆ ನಗು ಬರುತ್ತದೆ. ಮೊಳೆ ನನ್ನ ಶಾಲೆಯಲ್ಲಿ ಒಂದು ದಿನವೂ ಓದಿದವಳಲ್ಲ. ಆದರೂ ನನ್ನ ಒಳ್ಳೆಯ ವಿದ್ಯಾರ್ಥಿಗಳನ್ನು ಬೆರಳಿನಲ್ಲಿ ಎಣಿಸುವಾಗ ಒಂದು ಬೆರಳು ತಾನಾಗಿ ಅವಳ ಪಾಲಿಗೆ ಮಡಚಿಕೊಳ್ಳುತ್ತದೆ.

ಅಜ್ಜ ಈಗಲೂ ಮೆಟ್ಟಿಲು ಇಳಿಯುವುದಿಲ್ಲ. ಕಾಲು ಬರಲಿಲ್ಲ, ಇನ್ನು ಬರುವುದೂ ಇಲ್ಲ. ಆದರೆ ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಳ್ಳುತ್ತಾರೆ, ಬಲಗೈಯಲ್ಲೇ ಊಟ ಮಾಡುತ್ತಾರೆ, ಕಿಟಕಿಯ ಬಳಿಯ ಮೇಜಿನಲ್ಲಿ ಕೀಲಿಕೈಗೆ ಹಲ್ಲು ಕೊರೆದು ಕೆಳಗೆ ಕಳಿಸುತ್ತಾರೆ. ನನ್ನ ಓದಿನಲ್ಲಿ ತಪ್ಪು ಹಿಡಿಯುತ್ತಾರೆ. 

"ಈ ವರ್ಷ ಏನು ಕೊಡ್ತಾಳಂತೆ?" ಎಂದು ಮೊನ್ನೆ ನನ್ನನ್ನು ಕೇಳಿದರು. "ಏನೂ ಸಿಕ್ಕಿಲ್ಲ ಅಂತ ಗುಜರಿ ಅಂಗಡಿಯೆಲ್ಲ ಸುತ್ತುತ್ತಾ ಇದಾಳಂತಲ್ಲ? ಸೋಲೋಕೇ ಬರಲ್ಲ ಆ ಮುಂಡೇದಕ್ಕೆ." ಬೈಗುಳವನ್ನು ಅಷ್ಟು ಹೆಮ್ಮೆಯಿಂದ ಹೇಳಿದವರನ್ನು ನಾನು ನೋಡಿಲ್ಲ.

ಸೋತಂತೆ ನಟಿಸಬಹುದಲ್ಲ ಎಂದು ನಾನೊಮ್ಮೆ ಅವಳಿಗೆ ಸೂಚಿಸಿದ್ದುಂಟು. "ಮೇಷ್ಟ್ರೇ, ಒಂದು ಸಲ ಬೈಸ್ಕೊಂಡಿದ್ದು ಸಾಲ್ದಾ ನಿಮಗೆ?" ಎಂದಳು.

ಕ್ರಿಸ್‌ಮಸ್‌ಗೆ ಇನ್ನು ಹೆಚ್ಚು ದಿನ ಉಳಿದಿಲ್ಲ. ಕಳೆದ ವಾರ ಅವಳು ಮುಚ್ಚಿಹೋದ ಅಚ್ಚುಕೂಟವೊಂದರಿಂದ ತಿಜೋರಿಯ ಬೀಗ ತಂದಿದ್ದಾಳೆ. ಇಟ್ಟಿಗೆಯಷ್ಟು ಭಾರ, ಬಾಯಿ ಎರಡು. ಅಂದಿನಿಂದ ಗಿರಾಕಿಗಳಿಲ್ಲದ ಹೊತ್ತೆಲ್ಲ ಅದರ ಮುಂದೆಯೇ ಕುಳಿತಿರುತ್ತಾಳೆ. ಬೇಕೆಂದೇ ಸೋಲುವ ಹಾಗಿಲ್ಲ. ತನಗೆ ಗೊತ್ತಿರುವುದನ್ನೆಲ್ಲ ಮಾಡಿ ನೋಡಲೇಬೇಕು, ಮೇಲೆ ಹೋದರೆ ವಿಚಾರಣೆಯಿದೆ. ನಿನ್ನೆ ನಾನು ತರಕಾರಿ ತರುವಾಗ ಅಂಗಡಿಯ ಮುಂದೆ ನಿಂತೆ. ಕಣ್ಣು ಮುಚ್ಚಿಕೊಂಡು, ಎರಡು ಕೈಯಲ್ಲಿ ಎರಡು ತಂತಿ ಹಿಡಿದು, ಬೆವರಿದ್ದಳು. ಬಸ್ಸು ಹೋಗಿ ಗೋಡೆಯ ಕೀಲಿಕೈಗಳೆಲ್ಲ ಗಲಗಲಿಸಿದವು. ಅವಳು ಅಲುಗಲಿಲ್ಲ.

"ಏನಮ್ಮ, ತೆರೀತಾ?" ಎಂದು ಕೇಳಿದೆ.

ಮೊಳೆ ಕಣ್ಣು ತೆರೆದಳು. "ಇಲ್ಲ ಮೇಷ್ಟ್ರೇ!" ಎಂದಳು, ಮುಖವೆಲ್ಲ ಅರಳಿಸಿಕೊಂಡು. "ಇನ್ನೂ ಇಲ್ಲ!"